ಮಣಿಮಹೇಶ ಯಾತ್ರೆ: ಕುರಿಗಾಹಿಗಳ ಋತುಚಕ್ರ ಮತ್ತು ಸರೋವರದ ಪಾವಿತ್ರ್ಯ

ಹಿಮಾಚಲ ಪ್ರದೇಶದ ಚಂಬಾ ಜಿಲ್ಲೆಯ ಭರ್ಮೌರ್ ಸೀಮೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,080 ಮೀಟರ್ ಎತ್ತರದಲ್ಲಿ ಮಣಿಮಹೇಶವೆಂಬ ಚಿಕ್ಕದೊಂದು ಸರೋವರವಿದೆ. ಅದರ ನೆತ್ತಿಯ ಮೇಲೆಂಬಂತೆ 5,653 ಮೀಟರ್ ಎತ್ತರದ ಮಣಿಮಹೇಶ ಕೈಲಾಸ ಶಿಖರ ನಿಂತಿದೆ. ಈ ಶಿಖರವು ಶಿವನ ನಿವಾಸವೆಂದೂ ಸರೋವರವು ಅವನ ಸನ್ನಿಧಿಯೆಂದೂ ಅಲ್ಲಿಯ ಜನ ನಂಬುತ್ತಾರೆ. ಆದರೆ ಈ ಶಿವತೀರ್ಥದ ಎರಡು ಮುಖ್ಯ ಸ್ನಾನದಿನಗಳನ್ನು ಗಮನಿಸಿದಾಗ ಒಂದು ಪ್ರಶ್ನೆ ಎದುರಾಗುತ್ತದೆ. ‘ಚಿಕ್ಕ ಸ್ನಾನ’ ನಡೆಯುವುದು ಕೃಷ್ಣ ಜನ್ಮಾಷ್ಟಮಿಯಂದು. ‘ದೊಡ್ಡ ಸ್ನಾನ’ ನಡೆಯುವುದು ಅದಾದ ಹದಿನೈದು ದಿನಗಳಿಗೆ ಬರುವ ರಾಧಾಷ್ಟಮಿಯಂದು. ಶೈವ ಕ್ಷೇತ್ರವೊಂದರ ಯಾತ್ರೆ ಶಿವರಾತ್ರಿಯನ್ನು ಬಿಟ್ಟು ಕೃಷ್ಣ ಮತ್ತು ರಾಧೆಯರ ಜನ್ಮದಿನಗಳ ನಡುವೆ ಏಕೆ ನೆಲೆಗೊಂಡಿದೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮಣಿಮಹೇಶ ಯಾತ್ರೆಯ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹಾದಿ

ರಾವಿ ನದಿಯ ದಂಡೆಯಲ್ಲಿರುವ ಚಂಬಾ ಪಟ್ಟಣದಿಂದ ಭರ್ಮೌರ್‌ಗೆ ಸುಮಾರು 65 ಕಿಲೋಮೀಟರ್ ದೂರ. ಅಲ್ಲಿಂದ ಬುಧಿಲ್ ಕಣಿವೆಯಲ್ಲಿ ಮುಂದುವರಿದರೆ ಹಡ್‌ಸರ್ ಎಂಬ ಊರು ಸಿಗುತ್ತದೆ. ವಾಹನಗಳ ದಾರಿ ಇಲ್ಲಿಗೆ ಮುಗಿಯುತ್ತದೆ. ಸರೋವರದಿಂದ ಇಳಿದುಬರುವ ಹಳ್ಳವೂ ಬುಧಿಲ್ ನದಿಯೂ ಇಲ್ಲಿ ಕೂಡುತ್ತವೆ. ಹಡ್‌ಸರ್‌ನಿಂದ ಸರೋವರಕ್ಕೆ ಕಾಲ್ದಾರಿ ಸುಮಾರು 13 ಕಿಲೋಮೀಟರ್. ಸಾಮಾನ್ಯವಾಗಿ ಯಾತ್ರಿಕರು ನಡುವೆ ಧನಛೋ ಎಂಬಲ್ಲಿ ರಾತ್ರಿ ತಂಗಿ, ಮರುದಿನ ಮೇಲೇರಿ, ಸ್ನಾನ ಪೂಜೆಗಳನ್ನು ಮುಗಿಸಿ ಹಿಂದಿರುಗುತ್ತಾರೆ. ಎರಡು ಮೂರು ದಿನಗಳಲ್ಲಿ ಮುಗಿಯುವ ಈ ನಡಿಗೆ ದೂರದ ದೃಷ್ಟಿಯಿಂದ ಕಿರಿದು. ಆದರೆ ಹದಿಮೂರು ಕಿಲೋಮೀಟರುಗಳಲ್ಲಿ ಸುಮಾರು 1,800 ಮೀಟರ್ ಎತ್ತರವನ್ನು ಏರಬೇಕಾಗುವುದರಿಂದ ದೇಹಕ್ಕೆ ಸುಲಭವಲ್ಲ. ಮೇಲೆ ಹೋದಂತೆ ಮರಗಳು ವಿರಳವಾಗಿ, ಹುಲ್ಲುಗಾವಲು ಆರಂಭವಾಗಿ, ಕೊನೆಗೆ ಬಂಡೆ ಮತ್ತು ಹಿಮಗಳು ಮಾತ್ರ ಉಳಿಯುತ್ತವೆ.

ಹಾದಿಯ ಪ್ರತಿ ತಂಗುದಾಣಕ್ಕೂ ಒಂದು ಐತಿಹ್ಯವಿದೆ. ಭಸ್ಮಾಸುರನಿಂದ ತಪ್ಪಿಸಿಕೊಳ್ಳಲು ಶಿವನು ಧನಛೋದ ಜಲಪಾತದ ಹಿಂದೆ ಅಡಗಿದ್ದನೆಂಬುದು ಅವುಗಳಲ್ಲಿ ಒಂದು. ಸರೋವರಕ್ಕೆ ಸ್ವಲ್ಪ ಮೊದಲು ಗೌರೀಕುಂಡ ಮತ್ತು ಶಿವಕರೋತ್ರಿ ಎಂಬ ಎರಡು ಕೊಳಗಳಿವೆ. ಮೊದಲನೆಯದರಲ್ಲಿ ಸ್ತ್ರೀಯರೂ ಎರಡನೆಯದರಲ್ಲಿ ಪುರುಷರೂ ಮೀಯುತ್ತಾರೆ. ಸರೋವರದ ದಡದಲ್ಲಿ ಗೋಡೆ, ಗೋಪುರಗಳುಳ್ಳ ದೇವಾಲಯವಿಲ್ಲ. ಬಯಲಿನಲ್ಲಿಯೇ ಚತುರ್ಮುಖ ಶಿವನ ಅಮೃತಶಿಲೆಯ ಮೂರ್ತಿಯೊಂದಿದೆ. ಮಿಂದವರು ಸರೋವರಕ್ಕೆ ಮೂರು ಪ್ರದಕ್ಷಿಣೆ ಬಂದು ಯಾತ್ರೆಯನ್ನು ಪೂರೈಸುತ್ತಾರೆ. ದೇವಾಲಯದ ಸ್ಥಾನವನ್ನು ಇಲ್ಲಿ ನೀರು ಮತ್ತು ಶಿಖರಗಳೇ ತುಂಬಿವೆ.

2. ಗದ್ದಿಗಳು ಮತ್ತು ವಲಸೆ ಹೋಗುವ ದೇವರು

ಈ ಸೀಮೆಯ ಪ್ರಧಾನ ಸಮುದಾಯ ಗದ್ದಿಗಳದು. ಭರ್ಮೌರ್ ಪ್ರದೇಶಕ್ಕೆ ಗದ್ದಿಗಳ ನಾಡು ಎಂಬ ಅರ್ಥದಲ್ಲಿ ‘ಗಧೇರಣ್’ ಎಂದೂ, ಜನರ ಮಾತಿನಲ್ಲಿ ‘ಶಿವಭೂಮಿ’ ಎಂದೂ ಹೆಸರಿದೆ. ಉಣ್ಣೆಯ ನಿಲುವಂಗಿಯಾದ ‘ಚೋಲಾ’ ಮತ್ತು ಅದರ ಮೇಲೆ ಸೊಂಟಕ್ಕೆ ಸುತ್ತುವ ಕಪ್ಪು ಉಣ್ಣೆಯ ಹಗ್ಗವಾದ ‘ಡೋರಾ’ ಇವರ ಸಾಂಪ್ರದಾಯಿಕ ಉಡುಗೆ. ಬೇಸಾಯವಿದ್ದರೂ ಇವರ ಬದುಕನ್ನು ರೂಪಿಸಿರುವುದು ಕುರಿ ಮೇಕೆಗಳ ಸಾಕಣೆ. ಬೇಸಿಗೆಯಲ್ಲಿ ಮಂದೆಗಳನ್ನು ಎತ್ತರದ ಹುಲ್ಲುಗಾವಲುಗಳಿಗೂ, ಕುಗ್ತಿಯಂಥ ಕಣಿವೆದಾರಿಗಳನ್ನು ದಾಟಿ ಲಾಹೌಲ್‌ಗೂ ಒಯ್ಯುತ್ತಾರೆ. ಚಳಿಗಾಲ ಸಮೀಪಿಸುತ್ತಿದ್ದಂತೆ ಧೌಲಾಧರ ಶ್ರೇಣಿಯನ್ನು ದಾಟಿ ಕಾಂಗ್ರಾದ ತಗ್ಗಿನ ಬೆಟ್ಟಗಳಿಗೆ ಇಳಿಯುತ್ತಾರೆ. ಹೀಗೆ ವರ್ಷವು ಇವರಿಗೆ ಏರುವ ಕಾಲ ಮತ್ತು ಇಳಿಯುವ ಕಾಲ ಎಂದು ಎರಡಾಗಿ ಒಡೆದುಕೊಂಡಿದೆ.

ಗದ್ದಿಗಳ ನಂಬಿಕೆಯಲ್ಲಿ ಶಿವನ ವರ್ಷವೂ ಹೀಗೆಯೇ ಎರಡಾಗಿದೆ. ಶಿವನು ಆರು ತಿಂಗಳು ಮಣಿಮಹೇಶ ಕೈಲಾಸದಲ್ಲಿದ್ದು, ಉಳಿದ ಆರು ತಿಂಗಳು ಪಾತಾಳಕ್ಕೆ ತೆರಳುತ್ತಾನೆ. ತೆರಳುವ ಮುನ್ನ ಲೋಕದ ಆಡಳಿತವನ್ನು ವಿಷ್ಣುವಿಗೆ ಒಪ್ಪಿಸುತ್ತಾನೆ. ಹಾಗೆ ಒಪ್ಪಿಸುವ ದಿನವೇ ಜನ್ಮಾಷ್ಟಮಿ. ಮಹಾಶಿವರಾತ್ರಿಯ ಹೊತ್ತಿಗೆ ಆತ ಮರಳಿ ಬರುತ್ತಾನೆ. ಈ ನಂಬಿಕೆಯನ್ನು ಮಂದೆಗಳ ಸಂಚಾರದ ಪಕ್ಕದಲ್ಲಿಟ್ಟು ನೋಡಿದರೆ ದೇವರು ತನ್ನ ಭಕ್ತರಂತೆಯೇ ಋತುವಿಗನುಗುಣವಾಗಿ ವಲಸೆ ಹೋಗುವವನಾಗಿದ್ದಾನೆ ಎಂಬುದು ಸ್ಪಷ್ಟವಾಗುತ್ತದೆ. ಎರಡು ಚಕ್ರಗಳ ದಿನಗಳು ಒಂದಕ್ಕೊಂದು ಕರಾರುವಾಕ್ಕಾಗಿ ಹೊಂದದಿದ್ದರೂ ಅವುಗಳ ವಿನ್ಯಾಸ ಒಂದೇ. ಹಡ್‌ಸರ್‌ನಿಂದ ಮೇಲಿನ ಕಣಿವೆಯ ಕುಗ್ತಿ ಗ್ರಾಮದ ಬಳಿಯಿರುವ ಕಾರ್ತಿಕಸ್ವಾಮಿಯ ಗುಡಿಯನ್ನು ನವೆಂಬರ್ ಕೊನೆಗೆ ಮುಚ್ಚಿ, ಏಪ್ರಿಲ್ ಮಧ್ಯದ ಬೈಸಾಖಿಗೆ ತೆರೆಯುವ ಪದ್ಧತಿಯೂ ಇದಕ್ಕೆ ಪೂರಕವಾಗಿದೆ. ಮುಚ್ಚುವಾಗ ಗರ್ಭಗುಡಿಯಲ್ಲಿ ನೀರು ತುಂಬಿದ ಪಾತ್ರೆಯನ್ನಿಟ್ಟು, ತೆರೆದಾಗ ಅದರಲ್ಲಿ ಉಳಿದ ನೀರಿನಿಂದ ಆ ವರ್ಷದ ಮಳೆಯನ್ನು ಊಹಿಸುತ್ತಾರೆ.

ಈ ಹಿನ್ನೆಲೆಯಲ್ಲಿ ಆರಂಭದ ಪ್ರಶ್ನೆಗೆ ಉತ್ತರದ ಒಂದು ಭಾಗ ದೊರಕುತ್ತದೆ. ಮಣಿಮಹೇಶ ಯಾತ್ರೆ ದೇವರು ಪರ್ವತವನ್ನು ಬಿಟ್ಟು ಹೊರಡುವ ಸಂಧಿಕಾಲದಲ್ಲಿ ನಡೆಯುತ್ತದೆ. ಅದರಲ್ಲಿ ದರ್ಶನದಷ್ಟೇ ಬೀಳ್ಕೊಡುಗೆಯ ಅಂಶವೂ ಇದೆ. ಉತ್ತರ ಭಾರತದ ಪೂರ್ಣಿಮಾಂತ ಗಣನೆಯಲ್ಲಿ ಎರಡೂ ಅಷ್ಟಮಿಗಳು ಭಾದ್ರಪದ ಮಾಸದಲ್ಲಿಯೇ ಬರುತ್ತವೆ. ಕರ್ನಾಟಕದ ಅಮಾಂತ ಗಣನೆಯಲ್ಲಿ ಜನ್ಮಾಷ್ಟಮಿ ಶ್ರಾವಣ ಬಹುಳಕ್ಕೆ ಸೇರುವುದರಿಂದ ಕನ್ನಡ ಓದುಗರಿಗೆ ಇವೆರಡೂ ಬೇರೆ ಬೇರೆ ಮಾಸಗಳ ಹಬ್ಬಗಳಂತೆ ತೋರಬಹುದು; ಅಲ್ಲಿಯವರಿಗೆ ಇದು ಒಂದೇ ಮಾಸದ ಎರಡು ಪಕ್ಷಗಳ ಒಂದೇ ಆಚರಣೆ. ಮೇಲಿನ ಹಾದಿಯಲ್ಲಿ ಹಿಮ ಕರಗಿ, ಹೊಸ ಹಿಮ ಬೀಳುವುದಕ್ಕೆ ಇನ್ನೂ ಸಮಯವಿರುವ ಕಾಲವೂ ಇದೇ ಎಂಬುದನ್ನು ಮರೆಯುವಂತಿಲ್ಲ.

3. ಪ್ರಭುತ್ವದ ಪ್ರವೇಶ

ಉತ್ತರದ ಇನ್ನೊಂದು ಭಾಗವನ್ನು ಚಂಬಾ ರಾಜ್ಯದ ಇತಿಹಾಸದಲ್ಲಿ ಹುಡುಕಬೇಕು. ಭರ್ಮೌರ್‌ನ ಪ್ರಾಚೀನ ನಾಮ ಬ್ರಹ್ಮಪುರ. ಕ್ರಿ.ಶ. ಏಳನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದವನೆಂದು ಭಾವಿಸಲಾದ ಮೇರುವರ್ಮನು ಇಲ್ಲಿಂದ ಆಳಿದನು. ಅವನು ಮಾಡಿಸಿದ ಲಕ್ಷಣಾದೇವಿ, ಗಣೇಶ ಮತ್ತು ನಂದಿಯ ಲೋಹವಿಗ್ರಹಗಳ ಪೀಠಗಳ ಮೇಲೆ ಶಾಸನಗಳಿದ್ದು, ಅವುಗಳಲ್ಲಿ ಗುಗ್ಗ ಎಂಬ ಶಿಲ್ಪಿಯ ಹೆಸರು ಉಳಿದುಬಂದಿದೆ. ಜೆ. ಪಿಎಚ್. ಫೋಗೆಲ್ ಅವರು 1911ರಲ್ಲಿ ಪ್ರಕಟಿಸಿದ ಚಂಬಾ ರಾಜ್ಯದ ಪ್ರಾಚ್ಯಾವಶೇಷಗಳ ಕುರಿತ ಗ್ರಂಥ ಈ ಶಾಸನಗಳ ಅಧ್ಯಯನಕ್ಕೆ ಇಂದಿಗೂ ಆಧಾರ. ಈ ವಿಗ್ರಹಗಳಿರುವ ಚೌರಾಸಿ ಎಂಬ ದೇಗುಲಗಳ ಆವರಣದಲ್ಲಿಯೇ ಮಣಿಮಹೇಶನ ಶಿಖರ ದೇವಾಲಯವೂ ಇದೆ. ಅಂದರೆ ಎತ್ತರದ ಸರೋವರದ ದೇವರಿಗೆ ರಾಜಧಾನಿಯಲ್ಲಿ ಒಂದು ನೆಲೆ ಕಲ್ಪಿತವಾಯಿತು.

ಹತ್ತನೆಯ ಶತಮಾನದಲ್ಲಿ ಸಾಹಿಲವರ್ಮನು ರಾಜಧಾನಿಯನ್ನು ಚಂಬಾಕ್ಕೆ ಬದಲಾಯಿಸಿದನು. ಮಣಿಮಹೇಶಕ್ಕೆ ಹೊರಟಿದ್ದ ಎಂಬತ್ನಾಲ್ಕು ಮಂದಿ ಯೋಗಿಗಳು ಭರ್ಮೌರ್‌ನಲ್ಲಿ ತಂಗಿದ್ದರೆಂದೂ, ಸಂತಾನವಿಲ್ಲದ ಅರಸನಿಗೆ ಹತ್ತು ಗಂಡುಮಕ್ಕಳಾಗುವಂತೆ ಹರಸಿದರೆಂದೂ, ಮುಂದೆ ಚಂಪಾವತಿ ಎಂಬ ಮಗಳೂ ಹುಟ್ಟಿ ಅವಳಿಂದ ಪಟ್ಟಣಕ್ಕೆ ಹೆಸರು ಬಂದಿತೆಂದೂ ಐತಿಹ್ಯವಿದೆ. ‘ಚೌರಾಸಿ’ ಎಂದರೆ ಎಂಬತ್ನಾಲ್ಕು. ಆ ಯೋಗಿಗಳಲ್ಲಿ ಒಬ್ಬನಾದ ಚರ್ಪಟನಾಥ ಅರಸನ ಗುರುವಾದನೆನ್ನಲಾಗುತ್ತದೆ. ಮಂಗಳೂರಿನ ಕದ್ರಿಯ ಜೋಗಿ ಮಠದ ಮೂಲಕ ಕನ್ನಡಿಗರಿಗೆ ಪರಿಚಿತವಾಗಿರುವ ನಾಥ ಪರಂಪರೆಯ ಸಿದ್ಧರಲ್ಲಿ ಈತನೂ ಒಬ್ಬ.

ಚಂಬಾದ ಲಕ್ಷ್ಮೀನಾರಾಯಣ ದೇವಾಲಯ ಸಮುಚ್ಚಯದಲ್ಲಿ ವಿಷ್ಣುವಿಗೆ ಮೂರು, ಶಿವನಿಗೆ ಮೂರು ಶಿಖರ ದೇವಾಲಯಗಳಿವೆ. ಯಾತ್ರೆಯ ಕಾಲದಲ್ಲಿ ಚರ್ಪಟನಾಥನ ‘ಛಡಿ’, ಅಂದರೆ ಪವಿತ್ರ ದಂಡವು ಈ ಪಟ್ಟಣದಿಂದ ಹೊರಡುತ್ತದೆ. ದಶನಾಮಿ ಅಖಾಡದ ಮಹಂತರ ನೇತೃತ್ವದ ಛಡಿಯೂ ಇದೆ. ರಾಖ್, ದುರ್ಗೇಠಿ, ಭರ್ಮೌರ್, ಹಡ್‌ಸರ್, ಧನಛೋಗಳಲ್ಲಿ ತಂಗುತ್ತಾ ಅದು ರಾಧಾಷ್ಟಮಿಯ ಹೊತ್ತಿಗೆ ಸರೋವರವನ್ನು ತಲುಪುತ್ತದೆ. ವಿಷ್ಣುವಿನ ಪಟ್ಟಣದಿಂದ ಶಿವನ ಪರ್ವತಕ್ಕೆ ಸಾಗುವ ಈ ಮೆರವಣಿಗೆ ಮತ್ತು ಶಿವನು ವಿಷ್ಣುವಿಗೆ ಅಧಿಕಾರ ಒಪ್ಪಿಸುವ ಗದ್ದಿಗಳ ಕಥನ ಒಂದೇ ಸಂಬಂಧದ ಎರಡು ಮುಖಗಳು. ಕುರಿಗಾಹಿಯ ಶಿವನನ್ನು ಅರಸರ ಪಟ್ಟಣ ತನ್ನ ಪಂಚಾಂಗದೊಳಗೆ ತಂದುಕೊಂಡಿತು. ಕುರಿಗಾಹಿಯು ಪಟ್ಟಣದ ವಿಷ್ಣುವಿಗೆ ತನ್ನ ಋತುಚಕ್ರದಲ್ಲಿ ಅರ್ಧ ವರ್ಷದ ಪಾಲು ಕೊಟ್ಟನು.

4. ಕ್ರಮ ಮತ್ತು ಹಕ್ಕು

ರಾಜಾಶ್ರಯ ದೊರೆತರೂ ಸರೋವರದ ಮೇಲಿನ ಮೊದಲ ಹಕ್ಕನ್ನು ಪಟ್ಟಣ ಪಡೆಯಲಿಲ್ಲ. ಭರ್ಮೌರ್‌ನ ಬಳಿಯ ಸಚೂಯಿ ಗ್ರಾಮದ ಚೇಲಾಗಳು, ಅಂದರೆ ಶಿವನು ಮೈದುಂಬುವ ಗದ್ದಿಗಳು, ಚೌರಾಸಿಯಲ್ಲಿ ಕುಳಿತು ದೇವರ ಅಪ್ಪಣೆ ಪಡೆದು ಹೊರಡುತ್ತಾರೆ. ದೊಡ್ಡ ಸ್ನಾನಕ್ಕೆ ಮುನ್ನ ಅವರು ಆವೇಶದಲ್ಲಿ ಸರೋವರದ ಹಿಮದಂಥ ನೀರಿಗಿಳಿದು ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟುತ್ತಾರೆ. ಸರೋವರವನ್ನು ಸ್ಥಳೀಯರು ‘ಡಲ್’ ಎನ್ನುತ್ತಾರಾದ್ದರಿಂದ ಈ ಕ್ರಿಯೆಗೆ ‘ಡಲ್ ತೋಡ್ನಾ’, ಸರೋವರವನ್ನು ಒಡೆಯುವುದು, ಎಂದು ಹೆಸರು. ಜನರು ಅವರಿಂದ ಪ್ರಶ್ನೆ ಕೇಳುವುದೂ ಆಶೀರ್ವಾದ ಪಡೆಯುವುದೂ ಆಗಲೇ. ಅವರು ದಾಟಿದ ಮೇಲೆಯೇ ದೊಡ್ಡ ಸ್ನಾನ ಆರಂಭವಾಗುತ್ತದೆ.

ಚಿಕ್ಕ ಸ್ನಾನದಲ್ಲಿ ಜಮ್ಮುವಿನ ಭದ್ರವಾಹದಿಂದ ಪರ್ವತಗಳನ್ನು ದಾಟಿ ಬರುವ ಯಾತ್ರಿಕರಿಗೆ ವಿಶೇಷ ಸ್ಥಾನವಿದೆ. ಎಲ್ಲರಿಗೂ ಅನ್ವಯಿಸುವ ಇನ್ನೊಂದು ನಿಯಮವೆಂದರೆ ಭರ್ಮೌರ್‌ನ ಮೇಲಿರುವ ಭರ್ಮಾಣಿ ಮಾತೆಯ ಕೊಳದಲ್ಲಿ ಮೊದಲು ಮೀಯುವುದು. ಈ ಸ್ಥಳ ಮೂಲತಃ ಬ್ರಹ್ಮಾಣಿ ದೇವಿಯದಾಗಿದ್ದು, ಶಿವನು ಎಂಬತ್ನಾಲ್ಕು ಸಿದ್ಧರೊಡನೆ ಕೇಳದೆ ಬಂದು ತಂಗಿದಾಗ ಅವಳು ಕೆರಳಿದಳೆಂದೂ, ತನ್ನ ಕೊಳದಲ್ಲಿ ಮೀಯದೆ ಬರುವವರ ಯಾತ್ರೆ ಫಲಿಸದೆಂದು ಶಿವನೇ ಅವಳಿಗೆ ವರವಿತ್ತನೆಂದೂ ಕಥೆಯಿದೆ. ಸ್ಥಳದ ಪೂರ್ವದ ಒಡತಿಯ ಹಕ್ಕನ್ನು ನಂತರ ಬಂದ ದೊಡ್ಡ ದೇವರು ಒಪ್ಪಿಕೊಂಡುದರ ನೆನಪು ಈ ಕಥೆಯಲ್ಲಿದೆ. ದೇವಿ, ಭದ್ರವಾಹದವರು, ಸಚೂಯಿಯ ಚೇಲಾಗಳು, ಚಂಬಾದ ಛಡಿ ಎಂಬ ಈ ಸರಣಿಯಲ್ಲಿ ಸರೋವರ ಯಾರೊಬ್ಬರ ಸ್ವತ್ತೂ ಆಗದಂತೆ ಪಾಲುಗಳು ಹಂಚಿಹೋಗಿವೆ.

ಹಕ್ಕುಗಳಂತೆ ಮಿತಿಯೂ ಈ ಸಂಪ್ರದಾಯದಲ್ಲಿದೆ. ಯಾತ್ರೆ ಸರೋವರಕ್ಕೆ ನಿಲ್ಲುತ್ತದೆ, ಶಿಖರ ಮನುಷ್ಯರದಲ್ಲ. ಗದ್ದಿಯೊಬ್ಬನು ಕುರಿಮಂದೆಯೊಡನೆ ಶಿಖರವನ್ನೇರಲು ಹೋಗಿ ಮಂದೆಯ ಸಮೇತ ಕಲ್ಲಾದನೆಂದು ಹೇಳುತ್ತಾರೆ. ಮುಖ್ಯ ಶಿಖರದ ಕೆಳಗಿನ ಸಣ್ಣ ಕೋಡುಗಳನ್ನು ಅವನ ಮಂದೆಯೆಂದು ತೋರಿಸುತ್ತಾರೆ. ಹುಲ್ಲನ್ನು ಹುಡುಕುತ್ತಾ ಯಾವ ಎತ್ತರಕ್ಕಾದರೂ ಹೋಗಬಲ್ಲ ಕುರಿಗಾಹಿಗೆ ಎಲ್ಲಿ ನಿಲ್ಲಬೇಕೆಂದು ಹೇಳುವ ಕಥೆ ಇದು. 1968ರಲ್ಲಿ ನಂದಿನಿ ಪಟೇಲ್ ಅವರ ನೇತೃತ್ವದ ಭಾರತ-ಜಪಾನ್ ಮಹಿಳಾ ತಂಡ ಶಿಖರಾರೋಹಣಕ್ಕೆ ಯತ್ನಿಸಿ ಹಿಂದಿರುಗಿತು. ಭಕ್ತರು ಅದನ್ನು ಈ ಐತಿಹ್ಯಕ್ಕೆ ಸೇರಿದ ಸಾಕ್ಷಿಯಾಗಿ ನೆನೆಯುತ್ತಾರೆ.

5. ವರ್ತಮಾನದ ಸವಾಲು

ಚಂಬಾ ರಾಜ್ಯ 1948ರಲ್ಲಿ ಹಿಮಾಚಲ ಪ್ರದೇಶದಲ್ಲಿ ವಿಲೀನವಾದ ನಂತರ ರಸ್ತೆ ಹಂತಹಂತವಾಗಿ ಮೇಲೇರಿತು. ಯಾತ್ರೆಯ ದಿನಗಳಲ್ಲಿ ಭರ್ಮೌರ್‌ನಿಂದ ಗೌರೀಕುಂಡದವರೆಗೆ ಹೆಲಿಕಾಪ್ಟರ್ ಸೇವೆಯೂ ಬಂದಿದೆ. ನಡೆಯಲಾರದ ವೃದ್ಧರಿಗೂ ಅಸ್ವಸ್ಥರಿಗೂ ಇದು ದರ್ಶನವನ್ನು ಸಾಧ್ಯವಾಗಿಸಿದೆ ಎಂಬುದು ನಿಜ. ಆದರೆ ಭರ್ಮಾಣಿಯ ಕೊಳ, ಧನಛೋದ ರಾತ್ರಿ, ಚೇಲಾಗಳ ದಾಟುವಿಕೆ ಇವುಗಳಿಂದ ರೂಪುಗೊಂಡ ಕ್ರಮವು ಸರೋವರವನ್ನು ‘ತಲುಪುವ’ ಒಂದೇ ಕ್ರಿಯೆಗೆ ಕುಗ್ಗುವ ಸಾಧ್ಯತೆಯೂ ಇದರೊಂದಿಗೆ ಬಂದಿದೆ.

2025ರಲ್ಲಿ ಜನ್ಮಾಷ್ಟಮಿ ಆಗಸ್ಟ್ 16ಕ್ಕೂ ರಾಧಾಷ್ಟಮಿ ಆಗಸ್ಟ್ 31ಕ್ಕೂ ಬಂದಿದ್ದವು. ಆಗಸ್ಟ್ ಕೊನೆಯ ವಾರದ ಭಾರೀ ಮಳೆ ಮತ್ತು ಭೂಕುಸಿತಗಳಿಂದ ಚಂಬಾ-ಭರ್ಮೌರ್ ರಸ್ತೆ ಹಲವೆಡೆ ಕಡಿದುಹೋಯಿತು; ದೂರವಾಣಿ ಸಂಪರ್ಕವೂ ಕಡಿಯಿತು. ಯಾತ್ರೆಯನ್ನು ನಿಲ್ಲಿಸಬೇಕಾಯಿತು. ಸಾವಿರಾರು ಯಾತ್ರಿಕರು ಸಿಲುಕಿಕೊಂಡರು; ಪ್ರಾಣಹಾನಿಯೂ ಸಂಭವಿಸಿತು. ಕೊನೆಗೆ ಉಳಿದವರನ್ನು ವಾಯುಪಡೆಯ ಹೆಲಿಕಾಪ್ಟರುಗಳಲ್ಲಿ ಕೆಳಗೆ ತರಲಾಯಿತು. ಧೌಲಾಧರದ ಹಿಂಬದಿಯಲ್ಲಿರುವ ಭರ್ಮೌರ್‌ಗೆ ಮುಂಗಾರಿನ ಹೊಡೆತ ಕಾಂಗ್ರಾಕ್ಕಿಂತ ಕಡಿಮೆ ಎಂಬ ಅನುಭವದ ಮೇಲೆ ನಿಂತಿದ್ದ ಪಂಚಾಂಗ ಆ ವರ್ಷ ಕೈಕೊಟ್ಟಿತು.

ಹಳೆಯ ಕ್ರಮವನ್ನು ಪಾಲಿಸಿದ್ದರೆ ಈ ವಿಪತ್ತು ತಪ್ಪುತ್ತಿತ್ತೆಂದು ಹೇಳುವುದು ಸರಿಯಾಗದು. ಛಡಿಯೊಡನೆ ನಡೆಯುವವರೂ ಅದೇ ಕಣಿವೆಯಲ್ಲಿಯೇ ಸಾಗುತ್ತಾರೆ. ಆದರೆ ಪರ್ವತವು ಯಾವಾಗಲೂ ತೆರೆದಿರುವ ಸ್ಥಳವಲ್ಲ, ಅಲ್ಲಿ ದೇವರಿಗೂ ಹೊರಡುವ ಕಾಲವೊಂದಿದೆ ಎಂಬ ತಿಳಿವಳಿಕೆ ಗದ್ದಿಗಳ ಕಥನದ ತಿರುಳು. ದಿನಾಂಕಗಳು ಉಳಿದು ಈ ತಿಳಿವಳಿಕೆ ಮರೆಯಾದರೆ ಯಾತ್ರೆಯ ಚೌಕಟ್ಟು ಉಳಿದೀತು, ಅದರ ಅರ್ಥ ಉಳಿಯದು. ಮಳೆಯ ಸ್ವರೂಪವೇ ಬದಲಾಗುತ್ತಿರುವಾಗ ಮುಂದಕ್ಕೆ ಹೋಗುವುದಕ್ಕಿರುವಷ್ಟೇ ಮನ್ನಣೆ ತಡೆದು ನಿಲ್ಲುವುದಕ್ಕೂ ದೊರೆಯಬೇಕಾಗಿದೆ. ಅಂಥ ಮನ್ನಣೆಗೆ ಬೇಕಾದ ಭಾಷೆ ಈ ಸಂಪ್ರದಾಯದೊಳಗೇ ಇದೆ. ಅಪ್ಪಣೆ ಪಡೆದು ಹೊರಡುವ ಚೇಲಾ, ಮೊದಲ ಸ್ನಾನವನ್ನು ಕೇಳುವ ದೇವಿ, ಶಿಖರದ ಕೆಳಗೆ ಕಲ್ಲಾಗಿ ನಿಂತ ಮಂದೆ, ಇವರೆಲ್ಲರೂ ಹೇಳುತ್ತಿರುವುದು ಅದನ್ನೇ. ಮಣಿಮಹೇಶದ ಪಾವಿತ್ರ್ಯವನ್ನು ಈ ದಿಕ್ಕಿನಿಂದ ಅರಿತಾಗ ಶಿವನ ಸರೋವರದಲ್ಲಿ ಕೃಷ್ಣನ ಹುಟ್ಟುಹಬ್ಬದಂದು ಮೀಯುವುದರ ಔಚಿತ್ಯವೂ ತಿಳಿಯುತ್ತದೆ.