ಕಾಟಾ ಸರಿ ಇದ್ರ ಶರ್ಯತ್ತು ಸರಿ: ಡ್ರ್ಯಾಗ್ ರೇಸಿನ ನಿಯಮ ಪದೇ ಪದೇ ಯಾಕ ಬದಲಾಗ್ತಾವ?

ಚಿಮ್ಮಡದಿಂದ ಮಾತಾಡಾಕತ್ತೀನಿ. ಇವತ್ತಿನ ಸಂಚಿಕೆಯ ಪ್ರಶ್ನೆ ಸಣ್ಣದು. ಒಂದು ನೇರ ಹಾದಿ, ಎರಡು ಗಾಡಿ. ಒಂದರ ಎಂಜಿನ್ ದೊಡ್ಡದು, ಇನ್ನೊಂದರದು ಸಣ್ಣದು. ಇವೆರಡಕ್ಕ ಶರ್ಯತ್ತು ಹಚ್ಚಿದ್ರ ಅದು ನ್ಯಾಯದ ಶರ್ಯತ್ತು ಆಗೋದು ಹೆಂಗ?

"ದೊಡ್ಡ ಗಾಡಿ ತಂದಾವ ಗೆಲ್ತಾನ, ಅಷ್ಟ" ಅಂದ್ರ ಅದು ಓಟದ ಶರ್ಯತ್ತು ಅಲ್ಲ, ರೊಕ್ಕದ ಶರ್ಯತ್ತು. ನಾನು ಬಿ.ಕಾಂ. ಓದಿದವ, ಎಂಜಿನ್ ಬಿಚ್ಚಿ ಜೋಡಿಸೋ ಕೆಲಸ ನನ್ನದಲ್ಲ. ಆದ್ರ ಈ ನಿಯಮಗಳು ತೆರಿಗೆ ಸ್ಲ್ಯಾಬ್ ಇದ್ದಂಗ: ಯಾರ ಮೇಲೆ ಎಷ್ಟು ಭಾರ ಹೊರಿಸಬೇಕು ಅನ್ನೋ ಲೆಕ್ಕ. ಇದಕ್ಕೆ ಜಗತ್ತು ಕಂಡುಕೊಂಡ ದಾರಿ ಮೂರು.

ಮೊದಲನೇ ದಾರಿ: ವರ್ಗ ಬೇರೆ ಮಾಡೋದು.

ಇದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಕರಾವಳಿಯ ಕಂಬಳ ನೋಡ್ರಿ. ಅಕ್ಕಪಕ್ಕ ಎರಡು ಕೆಸರಿನ ಕರೆ, ನೇರ ಓಟ, ಸೆಕೆಂಡಿನ ಲೆಕ್ಕ. ಥೇಟ್ ಡ್ರ್ಯಾಗ್ ರೇಸ್. ಅಲ್ಲಿ ಎಲ್ಲಾ ಕೋಣಗಳನ್ನೂ ಒಟ್ಟಿಗೆ ಬಿಡೋದಿಲ್ಲ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ, ಕನೆಹಲಗೆ ಅಂತ ಆರು ವಿಭಾಗ. ಕನೆಹಲಗೆಯಲ್ಲಂತೂ ವೇಗವಲ್ಲ, ನೀರು ಎಷ್ಟು ಎತ್ತರ ಚಿಮ್ಮಿತು ಅನ್ನೋದೇ ಅಳತೆ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡ್ರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಯ್ತು. ಅದನ್ನ 100 ಮೀಟರಿಗೆ ಭಾಗಿಸಿ 9.55 ಸೆಕೆಂಡ್ ಅಂದ್ರು, ಉಸೇನ್ ಬೋಲ್ಟ್ ಜೊತೆ ಹೋಲಿಸಿದ್ರು. ಆದ್ರ ಅಲ್ಲಿ ಕೋಣಗಳ ವೇಗವೂ ಸೇರಿತ್ತು. ಬೇರೆ ಬೇರೆ ಜಾತಿಯ ಓಟವನ್ನ ಒಂದೇ ಪಟ್ಟಿಯಲ್ಲಿ ಹಾಕಿದ್ರ ಲೆಕ್ಕ ತಪ್ಪೋದು ಹಿಂಗ.

ಬೈಕಿಗೆ ಬರೋಣ. ಆರ್‌ಎಕ್ಸ್ 100 ನಮ್ಮ ಕಡೆ ಇನ್ನೂ ಜೀವ. ಅದರ ಎಂಜಿನ್ 98 ಸಿಸಿ, ಸ್ಪ್ಲೆಂಡರ್‌ದು 97 ಸಿಸಿ. ಕಾಗದದ ಮೇಲೆ ಎರಡೂ ಒಂದೇ. ಹಾದಿ ಮೇಲೆ? ಗೊತ್ತೇ ಐತಲ್ಲ. ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಉರಿಯುತ್ತದೆ, ಫೋರ್ ಸ್ಟ್ರೋಕ್ ಎರಡು ಸುತ್ತಿಗೆ ಒಮ್ಮೆ. ಅದಕ್ಕೇ ನಮ್ಮ ದೇಶದ ಬೈಕ್ ಡ್ರ್ಯಾಗ್ ರೇಸ್‌ಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ವರ್ಗ. 2002ರಲ್ಲಿ ಮೋಟೋಜಿಪಿ ಎರಡನ್ನೂ ಒಟ್ಟಿಗೆ ಓಡಿಸಿತು. ಟೂ ಸ್ಟ್ರೋಕಿಗೆ 500 ಸಿಸಿ, ಫೋರ್ ಸ್ಟ್ರೋಕಿಗೆ 990 ಸಿಸಿವರೆಗೆ ಅವಕಾಶ. ತಕ್ಕಡಿ ಸಮ ಆಗಲಿಲ್ಲ, ಫೋರ್ ಸ್ಟ್ರೋಕ್ ಕಡೆಗೇ ವಾಲಿತು. ಸ್ವಲ್ಪೇ ವರ್ಷದಲ್ಲಿ ಟೂ ಸ್ಟ್ರೋಕ್ ಆ ಕಣದಿಂದಲೇ ಮಾಯ.

ಎರಡನೇ ದಾರಿ: ತೂಕ ಹೊರಿಸೋದು.

ಕಾರಿನ ಡ್ರ್ಯಾಗ್ ರೇಸಿಗೆ ಸಾಂಪ್ರದಾಯಿಕ ದೂರ ಕಾಲು ಮೈಲಿ, ಅಂದ್ರ 402 ಮೀಟರ್. ತಿರುವಿಲ್ಲ. ಹಂಗಾಗಿ ಶಕ್ತಿ ಮತ್ತು ತೂಕದ ಅನುಪಾತಕ್ಕೆ ಭಾರಿ ಬೆಲೆ. 300 ಎಚ್‌ಪಿ ಕಾರು 1500 ಕೆಜಿ, 200 ಎಚ್‌ಪಿ ಕಾರು 1000 ಕೆಜಿ ಇದ್ರ ಇಬ್ಬರಿಗೂ ಒಂದು ಎಚ್‌ಪಿಗೆ 5 ಕೆಜಿ. ಆಟ ಹೆಚ್ಚುಕಡಿಮೆ ಸಮ.

ಅಮೆರಿಕದ ಎನ್‌ಎಚ್‌ಆರ್‌ಎ ಸಂಸ್ಥೆ ಪ್ರೊ ಸ್ಟಾಕ್ ಅನ್ನೋ ವರ್ಗ ಶುರು ಮಾಡಿದ್ದು 1970ರಲ್ಲಿ. ಸ್ವಲ್ಪ ದಿನಕ್ಕೆ ಕ್ರೈಸ್ಲರ್ ಕಂಪನಿಯ ಸುಮಾರು 7 ಲೀಟರಿನ ಹೆಮಿ ಎಂಜಿನ್‌ಗಳದೇ ದರ್ಬಾರು. 1972ರಲ್ಲಿ ನಿಯಮ ಬದಲಾಯ್ತು: ಸಣ್ಣ ಎಂಜಿನ್ನಿನ ಸಣ್ಣ ಕಾರು ಹಗುರ ಇರಬಹುದು. ಬಿಲ್ ಜೆಂಕಿನ್ಸ್ ಅನ್ನೋರು ಸುಮಾರು 5.4 ಲೀಟರ್ ಎಂಜಿನ್ ಕೂಡಿಸಿದ ಷೆವ್ರೊಲೆ ವೇಗಾ ತಂದು, ಆ ವರ್ಷದ ಮೊದಲ ದೊಡ್ಡ ಪಂದ್ಯವನ್ನೇ ಗೆದ್ದರು. ಈಗ ಅಳೋ ಸರದಿ ಹೆಮಿಯವರದು. ಒಬ್ಬರಿಗೆ ತೂಕ ಇಳಿಸಿದ್ರ ಇನ್ನೊಬ್ಬರು ಕೂಗ್ತಾರ, ಅವರಿಗೆ ಇಳಿಸಿದ್ರ ಇವರು. ಹತ್ತು ವರ್ಷ ಈ ಎಳೆದಾಟ ನಡೆದು, 1982ರಲ್ಲಿ ಎಲ್ಲರಿಗೂ ಒಂದೇ ಮಿತಿ ಬಂತು: ಎಂಜಿನ್ 500 ಘನ ಇಂಚು (ಸುಮಾರು 8.2 ಲೀಟರ್), ಕನಿಷ್ಠ ತೂಕ 2350 ಪೌಂಡ್ (ಸುಮಾರು 1066 ಕೆಜಿ).

ಜಗಳ ಮುಗೀತಾ? ಇಲ್ರಿ, ಬೇರೆ ವರ್ಗಕ್ಕೆ ಹೋಯ್ತು. ಪ್ರೊ ಮಾಡ್ ವರ್ಗದಲ್ಲಿ ಟರ್ಬೊ, ಸೂಪರ್‌ಚಾರ್ಜರ್, ನೈಟ್ರಸ್ ಮೂರೂ ಒಟ್ಟಿಗೆ ಓಡ್ತಾವ. ಟರ್ಬೊ ಹೊಗೆಯ ಬಲದಿಂದ ಗಾಳಿ ತುಂಬುತ್ತದೆ. ಸೂಪರ್‌ಚಾರ್ಜರ್ ಎಂಜಿನ್ನಿನದೇ ಶಕ್ತಿ ತಗೊಂಡು ತಿರುಗುತ್ತದೆ. ನೈಟ್ರಸ್ ಸಿಲಿಂಡರಿನಿಂದ ಹೆಚ್ಚುವರಿ ಆಮ್ಲಜನಕ ಕೊಡುತ್ತದೆ. ಸಮುದ್ರಮಟ್ಟದಲ್ಲಿ ಸಮ ಇದ್ದದ್ದು, ಗಾಳಿ ತೆಳುವಾದ ಎತ್ತರದ ಊರಲ್ಲಿ ಸಮ ಇರೋದಿಲ್ಲ. ಅದಕ್ಕೇ ಅಲ್ಲಿ ತೂಕ, ಗಾಳಿಯ ಒತ್ತಡ, ಸೂಪರ್‌ಚಾರ್ಜರ್ ತಿರುಗುವ ವೇಗ, ಇವುಗಳ ಮಿತಿಯನ್ನ ಸೀಸನ್ ನಡುವೆಯೂ ತಿದ್ದುತ್ತಾರೆ.

ಮೂರನೇ ದಾರಿ: ಮೊದಲು ಬಿಡೋದು.

ಇದಕ್ಕೆ ಬ್ರ್ಯಾಕೆಟ್ ರೇಸಿಂಗ್ ಅಂತಾರ. ನಿಮ್ಮ ಗಾಡಿ ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆ ಅಂತ ನೀವೇ ಮೊದಲು ಬರೆದು ಕೊಡಬೇಕು. ನೀವು 14 ಸೆಕೆಂಡ್, ಎದುರಿನವರು 11 ಅಂದ್ರ, ನಿಮಗೆ 3 ಸೆಕೆಂಡ್ ಮೊದಲೇ ಹಸಿರು ದೀಪ. "ಸುಳ್ಳೇ 16 ಅಂತ ಬರೀತೀನಿ" ಅಂತೀರಾ? ಬರೆದದ್ದಕ್ಕಿಂತ ಜಲ್ದಿ ಮುಟ್ಟಿದವರು ಸಾಮಾನ್ಯವಾಗಿ ಸೋತಂಗ. ಹಳೇ ಮಾರುತಿಯೂ ಗೆಲ್ಲಬಹುದಾದ ಆಟ ಇದು.

ಈಗ ನನ್ನ ಮಾತು. ನಿಯಮ ಬದಲಾಗೋದು ತಪ್ಪಲ್ಲ. ಆದ್ರ ಪ್ರತಿ ಬದಲಾವಣೆಗೂ ಯಾರೋ ಒಬ್ಬರು ಬಿಲ್ ಕಟ್ಟತಾರ. ನಿನ್ನೆಯ ನಿಯಮ ನಂಬಿ ಸಾಲ ಮಾಡಿ ಎಂಜಿನ್ ಕಟ್ಟಿದ ಹುಡುಗನಿಗೆ, ಇವತ್ತು "ಇನ್ನೂ 40 ಕೆಜಿ ಹೇರು" ಅಂದ್ರ ಅವನ ಬಂಡವಾಳ ಅಲ್ಲೇ ಮುಳುಗಿತು. ಇನ್ನೊಂದು ಕಡೆ, ಶಿಕ್ಷೆ ತಪ್ಪಿಸಿಕೊಳ್ಳಾಕ ಬೇಕಂತಲೇ ನಿಧಾನ ಓಡಿಸೋ ಜಾಣರೂ ಇರ್ತಾರ. ಹಂಗಾಗಿ ನಿಯಮ ತಿದ್ದುವವರು ಮೂರು ಕೆಲಸ ಮಾಡಬೇಕು. ಮೊದಲೇ ಹೇಳಬೇಕು. ಯಾವ ಅಂಕಿ ನೋಡಿ ತಿದ್ದಿದ್ರೋ ಅದನ್ನ ಎಲ್ಲರಿಗೂ ತೋರಿಸಬೇಕು. ಒಂದು ಓಟ ನೋಡಿ ಅಲ್ಲ, ಹಲವು ಓಟ ನೋಡಿ ತಿದ್ದಬೇಕು.

ಕಬ್ಬು ಬೆಳೆಯೋ ನಮ್ಮ ಕಡೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಟನ್ನಿಗೆ ಎಷ್ಟು ದರ ಅನ್ನೋದು ಒಂದು ಜಗಳ, ಕಾಟಾ ಸರಿ ಐತೋ ಇಲ್ಲೋ ಅನ್ನೋದು ಇನ್ನೊಂದು. ಕಾಟಾದ ಮೇಲೆ ನಂಬಿಕೆ ಹೋದ್ರ ಎಷ್ಟು ದರ ಕೊಟ್ಟರೂ ಸಮಾಧಾನ ಇಲ್ಲ. ರೇಸಿನಲ್ಲೂ ಅಷ್ಟ.

ಕೊನೆಗೊಂದು ಮಾತು. ಮುಧೋಳ ರೋಡಿನಾಗ ರಾತ್ರಿ ಬೈಕ್ ಹಚ್ಚೋರಿಗೆ: ಅಲ್ಲಿ ವರ್ಗ ಇಲ್ಲ, ಕಾಟಾ ಇಲ್ಲ, ಎದುರಿಗೆ ದೀಪ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಮಾತ್ರ ಬರಬಹುದು. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದ ರೇಸಿಗೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ನಿಮ್ಮೂರ ಜಾತ್ರೆಯ ಶರ್ಯತ್ತಿನಲ್ಲಿ ವರ್ಗ ಹೆಂಗ ಮಾಡ್ತಾರ, ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.