ಚಿಕಿತ್ಸೆಯ ವೆಚ್ಚ: ಸರ್ಕಾರದ ಬೊಕ್ಕಸವೋ, ವಿಮೆಯೋ?

ರೋಗವು ಬಡವ ಬಲ್ಲಿದರೆಂಬ ಭೇದವನ್ನೆಣಿಸದೆ ಬರುತ್ತದೆ. ಆದರೆ ಅದರ ವೆಚ್ಚವನ್ನು ಹೊರುವ ಶಕ್ತಿ ಎಲ್ಲರಿಗೂ ಸಮನಾಗಿರುವುದಿಲ್ಲ. ಈ ವೆಚ್ಚವನ್ನು ತೆರಿಗೆಯ ಹಣದಿಂದ ಸರ್ಕಾರವೇ ಭರಿಸಬೇಕೆ, ಇಲ್ಲವೆ ಪ್ರತಿಯೊಬ್ಬನೂ ವಿಮಾ ಕಂತನ್ನು ತೆತ್ತು ತನ್ನ ರಕ್ಷಣೆಯನ್ನು ತಾನೇ ಪಡೆದುಕೊಳ್ಳಬೇಕೆ ಎಂಬುದು ಬಹುಕಾಲದ ಚರ್ಚೆ. ಭಾರತದ, ಅದರಲ್ಲಿಯೂ ಕರ್ನಾಟಕದ, ಅನುಭವವನ್ನು ಮುಂದಿಟ್ಟುಕೊಂಡು ಈ ಚರ್ಚೆಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲನೆಯ ಪಕ್ಷಕ್ಕೆ ನಮ್ಮ ದೇಶದಲ್ಲಿ ಆಧಾರವಾಗಿರುವುದು ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ 1946ರಲ್ಲಿ ಸಲ್ಲಿಸಿದ ವರದಿ. ಹಣ ಕೊಡಲಾರನೆಂಬ ಕಾರಣದಿಂದ ಯಾರೊಬ್ಬನೂ ಚಿಕಿತ್ಸೆಯಿಂದ ವಂಚಿತನಾಗಕೂಡದೆಂಬುದು ಅದರ ಮೂಲತತ್ತ್ವ. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ಪ್ರಾರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಯೂ ಇದೇ ತತ್ತ್ವವನ್ನು ಅವಲಂಬಿಸಿತು. ಆದರೆ ತತ್ತ್ವಕ್ಕೆ ತಕ್ಕಷ್ಟು ಹಣವನ್ನು ನಾವು ಒದಗಿಸಲಿಲ್ಲ. 2025ರ ವೇಳೆಗೆ ಸರ್ಕಾರಗಳ ಆರೋಗ್ಯ ವೆಚ್ಚವನ್ನು ರಾಷ್ಟ್ರೀಯ ಉತ್ಪನ್ನದ ಶೇಕಡ 2.5ಕ್ಕೆ ಏರಿಸಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಸಂಕಲ್ಪಿಸಿತು. 2021-22ರಲ್ಲಿ ಅದು ಶೇಕಡ 1.84ರಷ್ಟಿತ್ತು. ವೈದ್ಯರಿಲ್ಲದ ಆರೋಗ್ಯ ಕೇಂದ್ರ, ಔಷಧಿಯಿಲ್ಲದ ಕಪಾಟು, ಉದ್ದನೆಯ ಸರತಿಯ ಸಾಲು ಇವೆಲ್ಲ ಈ ಕೊರತೆಯ ಫಲಗಳೇ ಆಗಿವೆ.

ಎರಡನೆಯ ಪಕ್ಷದವರು ಈ ಕುಂದುಗಳನ್ನೇ ಎತ್ತಿ ತೋರಿಸುತ್ತಾರೆ. ವಿಮೆಯುಳ್ಳ ರೋಗಿಗೆ ಆಸ್ಪತ್ರೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ; ಸ್ಪರ್ಧೆಯಿಂದ ಸೇವೆ ಸುಧಾರಿಸುತ್ತದೆ ಎಂಬುದು ಅವರ ವಾದ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಚಿಕಿತ್ಸೆಯು ಇತರ ಸರಕುಗಳಂತಲ್ಲವೆಂಬುದನ್ನು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಷ್ಟು ಹಿಂದೆಯೇ ವಿವರಿಸಿದರು. ಯಾವ ಚಿಕಿತ್ಸೆ ಬೇಕೆಂಬುದನ್ನು ರೋಗಿಯು ಬಲ್ಲವನಲ್ಲ. ವೈದ್ಯನ ಮಾತನ್ನೇ ಅವನು ನಂಬಬೇಕು. ಇನ್ನೂ ಒಂದು ತೊಡಕುಂಟು. ರೋಗಭಯವುಳ್ಳವರೇ ಹೆಚ್ಚಾಗಿ ವಿಮೆಗೆ ಸೇರಿದರೆ ಕಂತು ಏರುತ್ತದೆ. ಕಂತು ಏರಿದಂತೆ ಆರೋಗ್ಯವಂತರು ಹೊರಗುಳಿಯುತ್ತಾರೆ. ಇದನ್ನು ತಡೆಯಲು ವಿಮಾ ಸಂಸ್ಥೆಯು ವೃದ್ಧರನ್ನೂ ಹಳೆಯ ರೋಗವುಳ್ಳವರನ್ನೂ ದೂರವಿರಿಸಲು ಯತ್ನಿಸುತ್ತದೆ. ಹೀಗೆ ರಕ್ಷಣೆ ಯಾರಿಗೆ ಅತ್ಯಗತ್ಯವೋ ಅವರಿಗೇ ಅದು ದುರ್ಲಭವಾಗುತ್ತದೆ.

ಈ ತೊಡಕಿಗೆ ಕರ್ನಾಟಕವು ಕಂಡುಕೊಂಡ ಒಂದು ಪರಿಹಾರ ಗಮನಾರ್ಹವಾದುದು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ರೈತ ಸದಸ್ಯರು ವರ್ಷಕ್ಕೆ ತಲಾ 60 ರೂಪಾಯಿ ತೆತ್ತು ಶಸ್ತ್ರಚಿಕಿತ್ಸೆಯ ರಕ್ಷಣೆಯನ್ನು ಪಡೆದರು; ಸರ್ಕಾರವೂ ತನ್ನ ಪಾಲನ್ನು ಸೇರಿಸಿತು. ಸಾಲಕ್ಕಾಗಿಯೋ ಹಾಲಿಗಾಗಿಯೋ ಮೊದಲೇ ಒಂದುಗೂಡಿದ್ದ ಸಂಘಗಳ ಮೂಲಕ ಜನರು ಸೇರಿದುದರಿಂದ ರೋಗಿಗಳೂ ನಿರೋಗಿಗಳೂ ಒಂದೇ ನಿಧಿಯಲ್ಲಿ ಬೆರೆಯಲು ಅವಕಾಶವಾಯಿತು. 2018ರಲ್ಲಿ ನಿಂತುಹೋದ ಈ ಯೋಜನೆಯನ್ನು 2022ರಲ್ಲಿ ಪುನಃ ಪ್ರಾರಂಭಿಸಲಾಯಿತು.

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂದಾಗ ವಿಮಾ ಸಂಸ್ಥೆಯ ನೆರವಿಲ್ಲದೆ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ಸರ್ಕಾರವೇ ಆಸ್ಪತ್ರೆಗಳಿಗೆ ಹಣ ಪಾವತಿ ಮಾಡಿತು. ಅಂದರೆ ಹಣ ಬೊಕ್ಕಸದ್ದು, ಚಿಕಿತ್ಸೆ ಬಹುಮಟ್ಟಿಗೆ ಖಾಸಗಿಯವರದು. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಾರಂಭಿಸಿದ ಆಯುಷ್ಮಾನ್ ಭಾರತ ಯೋಜನೆಯು ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ವೆಚ್ಚವನ್ನು ವಹಿಸುತ್ತದೆ. ಆದುದರಿಂದ ಬೊಕ್ಕಸ ಮತ್ತು ವಿಮೆ ಪರಸ್ಪರ ವಿರುದ್ಧವಾದವುಗಳೆಂಬ ಭಾವನೆ ಈಗ ಪೂರ್ಣವಾಗಿ ಸರಿಯಲ್ಲ.

ಹಾಗಾದರೆ ನಿಜವಾದ ಪ್ರಶ್ನೆ ಯಾವುದು? ಸಾರ್ವಜನಿಕ ಹಣದಿಂದ ನಾವು ಏನನ್ನು ಕೊಳ್ಳುತ್ತಿದ್ದೇವೆ ಎಂಬುದೇ ಆ ಪ್ರಶ್ನೆಯೆಂದು ನಮಗೆ ತೋರುತ್ತದೆ. ಮೇಲ್ಕಂಡ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವನಿಗೆ ಮಾತ್ರ ಸಲ್ಲುತ್ತವೆ. ಆಯುಷ್ಮಾನ್ ಭಾರತದಲ್ಲಿ ಔಷಧಿಯ ವೆಚ್ಚ ಸೇರುವಿಕೆಗೆ 3 ದಿನ ಮೊದಲಿನಿಂದ ಬಿಡುಗಡೆಯ ನಂತರದ 15 ದಿನಗಳವರೆಗೆ ದೊರೆಯುತ್ತದೆ. ಕೂಲಿಕಾರನೊಬ್ಬನಿಗೆ ಸಕ್ಕರೆ ಕಾಯಿಲೆಯಿದೆಯೆಂದಿಟ್ಟುಕೊಳ್ಳೋಣ. ಅವನಿಗೆ ಬೇಕಾದುದು ದಿನವೂ ಒಂದು ಗುಳಿಗೆ, ಆಗಾಗ್ಗೆ ರಕ್ತಪರೀಕ್ಷೆ. ಅವು ಹತ್ತಿರದ ಕೇಂದ್ರದಲ್ಲಿ ದೊರೆಯದಿದ್ದರೆ ಅವನು ಕೂಲಿಯ ಹಣದಿಂದಲೇ ಕೊಳ್ಳಬೇಕು. ಕೊಳ್ಳಲಾರದೆ ಬಿಟ್ಟರೆ, ಮುಂದೆ ಕಾಲನ್ನೇ ಕತ್ತರಿಸಬೇಕಾದಾಗ ಯೋಜನೆಯು ಅವನ ನೆರವಿಗೆ ಬರುತ್ತದೆ! 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇಕಡ 39.4 ಭಾಗ ಜನರ ಕೈಯಿಂದಲೇ ನೇರವಾಗಿ ಸಂದಿತು. 2013-14ರ ಶೇಕಡ 64.2ಕ್ಕೆ ಹೋಲಿಸಿದರೆ ಇದು ದೊಡ್ಡ ಇಳಿಕೆಯೇ ಸರಿ. ಆದರೂ ಹೊರೆ ಇಳಿದುಹೋಗಿಲ್ಲ.

ದೊಡ್ಡ ಶಸ್ತ್ರಚಿಕಿತ್ಸೆಯ ಆಕಸ್ಮಿಕ ವೆಚ್ಚಕ್ಕೆ ಸರ್ವರನ್ನೂ ಒಳಗೊಂಡ ಸಾಮೂಹಿಕ ನಿಧಿಯು ತಕ್ಕ ಸಾಧನವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅದು ಪ್ರಾಥಮಿಕ ಆರೋಗ್ಯ ಕೇಂದ್ರದ ಸ್ಥಾನವನ್ನು ತುಂಬಲಾರದು. ಕೇಂದ್ರದಲ್ಲಿ ವೈದ್ಯನೂ ಔಷಧಿಯೂ ತಪ್ಪದೆ ದೊರೆಯುವಂತೆ ಮಾಡುವುದು ಬೊಕ್ಕಸದ ಮೊದಲ ಕರ್ತವ್ಯ; ವಿಮೆಯ ಸ್ಥಾನ ಅದರ ನಂತರದ್ದು ಎಂಬುದು ನಮ್ಮ ಅಭಿಪ್ರಾಯ.