ಹೊಳೆಗೂ ಬಾಗಿಲುಂಟು

ಮಗಳ ಪುಸ್ತಕವೊಂದರಲ್ಲಿ ಇಂಗ್ಲೆಂಡಿನ ಥೇಮ್ಸ್ ನದಿಯ ಚಿತ್ರವಿತ್ತು. ನದಿಗೆ ಅಡ್ಡಲಾಗಿ ಎರಡು ದೊಡ್ಡ ಬಾಗಿಲು, ಅವುಗಳ ನಡುವೆ ಒಂದು ದೋಣಿ. ಅದಕ್ಕೆ ‘ಲಾಕ್’ ಎನ್ನುತ್ತಾರೆ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲ್ಮಟ್ಟದ ನೀರನ್ನು ಒಳಗೆ ಬಿಡುತ್ತಾರೆ. ನೀರು ಏರಿದಂತೆ ದೋಣಿಯೂ ಏರುತ್ತದೆ. ಮಟ್ಟ ಸಮನಾದಾಗ ಮುಂದಿನ ಬಾಗಿಲು ತೆರೆದುಕೊಳ್ಳುತ್ತದೆ, ದೋಣಿ ಹೊರಡುತ್ತದೆ. ಥೇಮ್ಸ್ ನದಿಯಲ್ಲಿ ಇಂಥವು 40ಕ್ಕೂ ಹೆಚ್ಚಿವೆ.

“ಅಜ್ಜಾ, ನಮ್ಮ ಹೊಳಿಗೂ ಬಾಗಲಾ ಅದಾವೇನು?” ಎಂದು ಮಗಳು ಕೇಳಿದಳು.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಮನೆ. ಕಟ್ಟೆಯ ಮೇಲೆ ಕುಳಿತಿದ್ದ ನನ್ನಪ್ಪ ನಕ್ಕರು. “ಅದಾವ ಮಗಾ, ಇಪ್ಪತ್ತಾರು ಅದಾವ. ಅಲ್ಲಿ ನೀರು ಏರಿದ್ರ ದೋಣಿ ಏರತೈತಿ. ಇಲ್ಲಿ ನೀರು ಏರಿತು, ನಾವ ಊರು ಬಿಟ್ಟು ಗುಡ್ಡ ಏರಿ ಬಂದ್ವಿ.”

ಆ ಇಪ್ಪತ್ತಾರು ಬಾಗಿಲು ತೋರಿಸಲೆಂದು ಭಾನುವಾರ ಎಲ್ಲರೂ ರೈಲು ಹತ್ತಿದೆವು. ಸೀತಿಮನಿ ದಾಟಿ, ರೈಲು ಕೃಷ್ಣೆಯ ಸೇತುವೆ ಮೇಲೆ ಬಂದಾಗ ಡಬ್ಬಿಯಲ್ಲಿದ್ದವರೆಲ್ಲ ಕಿಟಕಿಗೆ ಮುಖವಿಟ್ಟರು. ಆಲಮಟ್ಟಿ ಬಂತು.

1964ರ ಮೇ 22ರಂದು ಈ ಅಣೆಕಟ್ಟಿಗೆ ಅಡಿಗಲ್ಲು ಹಾಕಿದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಕೆಲವೇ ದಿನಗಳಲ್ಲಿ ಅವರು ದೇಶದ ಪ್ರಧಾನಿಯಾದರು. ಜಲಾಶಯಕ್ಕೆ ಅವರದೇ ಹೆಸರಿದೆ. ಅದು ನಾಡಿಗೆ ಸಮರ್ಪಣೆಯಾದದ್ದು 2006ರ ಆಗಸ್ಟ್ 21ರಂದು, ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಂದ. ನಡುವೆ ನಲವತ್ತೆರಡು ವರ್ಷ! ಅಡಿಗಲ್ಲು ಹಾಕಿದ ವರ್ಷ ಹುಟ್ಟಿದ ಕೂಸು ಅಷ್ಟರಲ್ಲಿ ಮಕ್ಕಳ ತಾಯಿಯೋ ತಂದೆಯೋ ಆಗಿತ್ತು.

ಮಳೆಗಾಲವಾದ್ದರಿಂದ ಕೆಲವು ಗೇಟು ತೆರೆದಿದ್ದರು. ಈ ಗೇಟು ಮನೆಯ ಬಾಗಿಲಿನಂತೆ ಸಪಾಟಾಗಿಲ್ಲ, ಬಾಗಿದೆ. ಬಂಡಿಯ ಗಾಲಿಯ ಒಂದು ತುಂಡನ್ನು ಕಲ್ಪಿಸಿಕೊಳ್ಳಿ. ಹೊರಗಿನ ಬಾಗು ಉಕ್ಕಿನ ಹಾಳೆ. ಅರಗಳ ಜಾಗದಲ್ಲಿ ಉಕ್ಕಿನ ತೋಳು. ತೋಳುಗಳು ಹೋಗಿ ಸೇರುವಲ್ಲಿ, ಅಣೆಕಟ್ಟಿನ ಕಂಬಕ್ಕೆ ಬಿಗಿದ ದಪ್ಪ ಕೀಲು. ಹಾಳೆಯ ಮೇಲೆ ಬೀಳುವ ನೀರಿನ ಒತ್ತಡವೆಲ್ಲ ತೋಳುಗಳ ಮೂಲಕ ಆ ಕೀಲಿಗೆ ಹೋಗುತ್ತದೆ. ಹಾಗಾಗಿ ಗೇಟನ್ನು ಎತ್ತುವ ಯಂತ್ರ ಹೊಳೆಯೊಂದಿಗೆ ಸೆಣಸಬೇಕಿಲ್ಲ. ಗೇಟಿನ ಭಾರ ಮತ್ತು ತಿಕ್ಕಾಟವನ್ನು ಗೆದ್ದರೆ ಸಾಕು. ಗೇಟು ಮೇಲೆದ್ದಾಗ ಅದರ ಅಡಿಯಿಂದ ನೀರು ನುಗ್ಗುತ್ತದೆ.

ಬಾಗಿಲೊಂದು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ನಾಡೇ ನೋಡಿದೆ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಂದು ವಾರದೊಳಗೆ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದರು.

ಆಲಮಟ್ಟಿಯಲ್ಲಿ ನೀರು ನಿಲ್ಲುವ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಆಗ ಒಳಗಿರುವ ನೀರು ಸುಮಾರು 123 ಟಿಎಂಸಿ. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಈ ನೀರು ಹೊಲಕ್ಕೆ ಹೋಗುತ್ತದೆ, ಕುಡಿಯಲು ಸಿಗುತ್ತದೆ, 290 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರವನ್ನೂ ನಡೆಸುತ್ತದೆ.

“ಆಣಿಕಟ್ಟು ಇಷ್ಟು ದೂರ ಐತಿ. ಅಜ್ಜನ ಮನಿ ಹೆಂಗ ಮುಳುಗಿತು?” ಮಗಳ ಪ್ರಶ್ನೆ ಸರಿಯಾದದ್ದೇ.

ಹಳೆಯ ಬಾಗಲಕೋಟೆ ಇರುವುದು ಘಟಪ್ರಭೆಯ ದಂಡೆಯಲ್ಲಿ. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅಣೆಕಟ್ಟು ಅದಕ್ಕಿಂತ ಕೆಳಗಿದೆ. ಬಾಗಿಲು ಮುಚ್ಚಿದಾಗ ಕೃಷ್ಣೆಯಲ್ಲಿ ನಿಂತ ನೀರು ಘಟಪ್ರಭೆಯೊಳಗೂ ಹಿಂದಕ್ಕೆ ಹರಡುತ್ತಾ ನಮ್ಮ ಊರಿನ ಓಣಿಗಳಿಗೆ ಬಂತು. ಅದಕ್ಕೇ ಅದನ್ನು ಹಿನ್ನೀರು ಎನ್ನುವುದು.

ಊರಿನ ತಗ್ಗಿನ ಭಾಗ ಮುಳುಗಿತು, ಎತ್ತರದ ಭಾಗ ಉಳಿಯಿತು. ಮನೆ ಕಳೆದುಕೊಂಡವರಿಗಾಗಿ ನವನಗರ ಎದ್ದಿತು. ಅದರ ಯೋಜನೆ ರೂಪಿಸಿದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಅಲ್ಲಿ ಓಣಿಗಳಿಲ್ಲ, ನಂಬರಿನ ಸೆಕ್ಟರ್‌ಗಳಿವೆ. ಕೆಲವರು ನಮ್ಮಂತೆ ವಿದ್ಯಾಗಿರಿಗೆ ಬಂದರು. ಆದರೆ ಹೋಳಿ ಹುಣ್ಣಿಮೆ ಬಂತೆಂದರೆ ಇಂದಿಗೂ ಕಾಲು ಹಳೆಯ ಊರಿನತ್ತಲೇ ಎಳೆಯುತ್ತದೆ. ಹಲಗಿಯ ಸದ್ದು ಅಲ್ಲಿ ಕೇಳಿದಂತೆ ಬೇರೆಲ್ಲೂ ಕೇಳುವುದಿಲ್ಲ.

ಮನೆ ಬಿಡುವಾಗ ನಾನು ಕಾಲೇಜಿನಲ್ಲಿದ್ದೆ. ತೊಲೆ, ಕಂಬ, ಕಿಟಕಿ ಎಲ್ಲವನ್ನೂ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದೆವು. ಕೊನೆಗೆ ಬಿಚ್ಚಿದ್ದು ತಲೆಬಾಗಿಲು. ಬಿಚ್ಚುವ ಮುನ್ನ ಅವ್ವ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿದಳು. ನೀರು ಬರುವ ಮನೆಗೆ ಪೂಜೆ ಯಾಕೆ ಎಂದು ಯಾರೂ ಕೇಳಲಿಲ್ಲ. ಇಂದು ವಿದ್ಯಾಗಿರಿಯ ನಮ್ಮ ಮನೆಗಿರುವುದು ಅದೇ ಬಾಗಿಲು.

ಅಣೆಕಟ್ಟಿನ ಕೆಳಗೆ, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಇನ್ನೊಂದು ಬಗೆ ನೋಡಬಹುದು. ಅಲ್ಲಿ ಕೃಷ್ಣೆ, ಮಲಪ್ರಭೆ ಕೂಡುತ್ತವೆ. ನಾರಾಯಣಪುರ ಜಲಾಶಯದ ಹಿನ್ನೀರು ಅಲ್ಲಿಯವರೆಗೆ ಬರುತ್ತದೆ. ಬಸವಣ್ಣನವರ ಐಕ್ಯಮಂಟಪ ಮುಳುಗಬಾರದೆಂದು ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಹೊರಗೆ ನೀರು, ಒಳಗೆ ಮೆಟ್ಟಿಲಿಳಿದರೆ ಮಂಟಪ. ಆದರೆ ಇಡೀ ಊರಿಗೆ ಹಾಗೆ ಗೋಡೆ ಕಟ್ಟಲಾಗುವುದಿಲ್ಲ.

ಈ ಕಥೆ ಇನ್ನೂ ಮುಗಿದಿಲ್ಲ. ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಬಹುದೆಂದು ಕೃಷ್ಣಾ ಜಲವಿವಾದಗಳ ಎರಡನೇ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿತು. ವ್ಯತ್ಯಾಸ ನಾಲ್ಕೂವರೆ ಮೀಟರಿಗಿಂತ ತುಸು ಹೆಚ್ಚು. ಮಳೆಯನ್ನೇ ನಂಬಿದ ಎಷ್ಟೋ ಹೊಲಗಳಿಗೆ ಆ ನೀರು ಬೇಕು. ಅಷ್ಟು ಏರಿಸಿದರೆ ಹಿಂದೆ ಇನ್ನಷ್ಟು ಊರು, ಫಲವತ್ತಾದ ಜಮೀನು ಮುಳುಗುತ್ತವೆ. ಅಲ್ಲಿನವರು ಹೊಸ ಮನೆ ಕಟ್ಟಬೇಕೋ, ಹಳೆಯದನ್ನೇ ರಿಪೇರಿ ಮಾಡಿಸಬೇಕೋ ತಿಳಿಯದೆ ವರ್ಷಗಟ್ಟಲೆ ಕಾಯುತ್ತಿದ್ದಾರೆ. ಆ ಕಾಯುವಿಕೆ ನಮ್ಮ ಮನೆಗೆ ಗೊತ್ತು.

ಮರಳಿ ಬರುವಾಗ ಮಗಳು ಕೇಳಿದಳು: “ಅಜ್ಜಾ, ಬಾಗಲಾ ಮುಚ್ಚಿದ್ದು ಛಲೋ ಆತೋ, ಕೆಟ್ಟ ಆತೋ?”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನೀರು ಬೇಕವ್ವಾ, ಎಲ್ಲಾರಿಗೂ ಬೇಕು. ಆದ್ರ ನೀ ಮನಿ ಬಾಗಲಾ ಹಾಕೂ ಮುಂದ ಸಣ್ಣ ತಮ್ಮನ ಬಟ್ಟು ಸಿಗತೈತೇನು ಅಂತ ನೋಡಿ ಹಾಕ್ತೀಯಲ್ಲ? ಹೊಳಿ ಬಾಗಲಾನೂ ಹಂಗ ನೋಡಿ ಹಾಕಬೇಕು.”

ಆಲಮಟ್ಟಿಗೆ ಬಂದರೆ ಗೇಟು, ಉದ್ಯಾನ ನೋಡಿ ಹಾಗೇ ಹೋಗಬೇಡಿ. ಹಳೆಯ ಬಾಗಲಕೋಟೆಯ ದಂಡೆಗೂ ಒಮ್ಮೆ ಬನ್ನಿ. ಬೇಸಿಗೆಯಲ್ಲಿ ನೀರು ಇಳಿದಾಗ ಮನೆಗಳ ತಳಪಾಯ ಕಾಣುತ್ತವೆ. ಅವುಗಳಲ್ಲಿ ನಮ್ಮದು ಯಾವುದೆಂದು ಅಪ್ಪನಿಗೆ ಈಗಲೂ ಗೊತ್ತು.